ಡ್ರೋನ್ ಪ್ಲಟೂನ್ ಸಿದ್ಧವಾಗುವುದು ಹೇಗೆ?

2025ರ ಜುಲೈ 26ರಂದು, ಕಾರ್ಗಿಲ್ ವಿಜಯ ದಿವಸದ ದಿನ, ದ್ರಾಸ್‌ನಲ್ಲಿ ಸೇನಾ ಮುಖ್ಯಸ್ಥ ಜನರಲ್ ಉಪೇಂದ್ರ ದ್ವಿವೇದಿ ಒಂದು ಮಾತು ಹೇಳಿದರು: ಇನ್ನು ಮುಂದೆ ಪ್ರತಿ ಪದಾತಿ ಬೆಟಾಲಿಯನ್‌ಗೂ ತನ್ನದೇ ಡ್ರೋನ್ ಪ್ಲಟೂನ್ ಇರುತ್ತದೆ. ಅದೇ ವರ್ಷದ ಅಕ್ಟೋಬರ್ ಹೊತ್ತಿಗೆ 380 ಬೆಟಾಲಿಯನ್‌ಗಳಲ್ಲಿ ಇವು ರಚನೆಯಾಗಿವೆ ಎಂದು ಸೇನೆ ತಿಳಿಸಿತು. ಹೆಸರು, ಅಶ್ನಿ ಪ್ಲಟೂನ್. ತುಮಕೂರಿನ ಶೆಟ್ಟಿಹಳ್ಳಿಯಿಂದ ಅಗ್ನಿವೀರನಾಗಿ ಪದಾತಿ ದಳಕ್ಕೆ ಹೋಗುವ ಹುಡುಗನ ಕೈಗೆ ನಾಳೆ ರೈಫಲ್ ಜೊತೆಗೆ ಡ್ರೋನಿನ ರಿಮೋಟ್ ಕೂಡ ಬರಬಹುದು. ಹಾಗಾಗಿ ಈ ತಂಡ ಹೇಗೆ ಸಿದ್ಧವಾಗುತ್ತದೆ ಎಂಬುದನ್ನು ನಮ್ಮ ಊರಿನವರೂ ತಿಳಿದಿರಬೇಕು.

ಒಂದು ಅಶ್ನಿ ಪ್ಲಟೂನಿನಲ್ಲಿ 20ರಿಂದ 25 ಸೈನಿಕರು, ಕನಿಷ್ಠ 10 ಡ್ರೋನ್‌ಗಳು. ನಾಲ್ಕು ಡ್ರೋನ್‌ಗಳದ್ದು ಕಣ್ಗಾವಲಿನ ಕೆಲಸ. ಉಳಿದ ಆರು ಸಿಡಿತಲೆ ಹೊತ್ತು ಗುರಿಯ ಮೇಲೇ ಬಿದ್ದು ಸ್ಫೋಟಿಸುವಂಥವು. ಪತ್ರಿಕೆಗಳು ಕಾಮಿಕಾಝೆ ಡ್ರೋನ್ ಎಂದು ಬರೆಯುವುದು ಇವನ್ನೇ. ನೋಡುವ ಡ್ರೋನ್ ಮೊದಲು ಹೋಗಿ ಶತ್ರು ಎಲ್ಲಿದ್ದಾನೆಂದು ತೋರಿಸುತ್ತದೆ, ಹೊಡೆಯುವ ಡ್ರೋನ್ ಅದರ ಹಿಂದೆ ಹೋಗುತ್ತದೆ. ಎರಡನ್ನೂ ಒಂದೇ ತಂಡದ ಕೈಗೆ ಕೊಟ್ಟಿದ್ದರಲ್ಲೇ ಈ ಏರ್ಪಾಡಿನ ತಿರುಳಿದೆ.

ಮೊದಲು ಹೀಗಿರಲಿಲ್ಲ. ಸೇನೆಯ ದೊಡ್ಡ ಚಾಲಕರಹಿತ ವಿಮಾನಗಳು ಬಹುಕಾಲ ಫಿರಂಗಿ ದಳದ ಬಳಿ ಇದ್ದವು, 2021ರಲ್ಲಿ ಆರ್ಮಿ ಏವಿಯೇಷನ್‌ಗೆ ಹೋದವು. ಗುಡ್ಡದ ಆಚೆ ಏನಿದೆಯೆಂದು ನೋಡಬೇಕಾದ ಬೆಟಾಲಿಯನ್ ಮೇಲಿನವರನ್ನು ಕೇಳಿಕೊಳ್ಳಬೇಕು, ಅನುಮತಿ ಬರಬೇಕು, ಚಿತ್ರ ಕೆಳಗಿಳಿಯಬೇಕು. ಅಷ್ಟರಲ್ಲಿ ಗುರಿ ಜಾಗ ಬದಲಿಸಿರುತ್ತದೆ. ಬೇಹು, ನಿರ್ಧಾರ, ಹೊಡೆತ, ಈ ಮೂರರ ನಡುವಿನ ಹೊತ್ತನ್ನು ಕಡಿಮೆ ಮಾಡಲೆಂದೇ ಡ್ರೋನನ್ನು ಕಾಲಾಳಿನ ಕೈಗೆ ಕೊಟ್ಟಿರುವುದು.

ಬೆಟಾಲಿಯನ್ ಒಳಗೇ ವಿಶೇಷ ತಂಡ ಕಟ್ಟುವ ಕ್ರಮ ನಮ್ಮ ಸೇನೆಗೆ ಹೊಸದಲ್ಲ, ಅದಕ್ಕೆ ಕರ್ನಾಟಕದ ನಂಟೂ ಇದೆ. ಪ್ರತಿ ಪದಾತಿ ಬೆಟಾಲಿಯನ್‌ನಲ್ಲಿ ಸುಮಾರು 20 ಮಂದಿಯ ಘಾತಕ್ ಪ್ಲಟೂನ್ ಇರುತ್ತದೆ. ಈ ಘಾತಕರು ಹದಗೊಳ್ಳುವುದು ಬೆಳಗಾವಿಯ ಕಮಾಂಡೊ ಕೋರ್ಸಿನಲ್ಲಿ. ಪ್ರತಿ ಘಟಕದಿಂದ ಕೆಲವರನ್ನು ಆರಿಸಿ ಒಂದೇ ಶಾಲೆಗೆ ಕಳಿಸುತ್ತಾರೆ. ಅಲ್ಲಿ ಒಂದೇ ಮಟ್ಟಕ್ಕೆ ಬಂದವರು ಮರಳಿ ಹೋಗಿ ತಮ್ಮವರಿಗೆ ಕಲಿಸುತ್ತಾರೆ. ಡ್ರೋನ್ ವಿದ್ಯೆ ಹರಡಬೇಕಾದದ್ದೂ ಇದೇ ದಾರಿಯಲ್ಲಿ. ಡೆಹ್ರಾಡೂನಿನ ಮಿಲಿಟರಿ ಅಕಾಡೆಮಿ, ಮ್ಹೌನ ಪದಾತಿ ಶಾಲೆ, ಚೆನ್ನೈನ ಅಧಿಕಾರಿಗಳ ತರಬೇತಿ ಅಕಾಡೆಮಿಗಳಲ್ಲಿ ಈಗ ಡ್ರೋನ್ ತರಬೇತಿ ನಡೆಯುತ್ತಿದೆ. ಅಮೆರಿಕದ ಮರೀನ್ ಪಡೆ ಹಿಡಿದದ್ದೂ ಬಹುಮಟ್ಟಿಗೆ ಇದೇ ದಾರಿ. 2025ರ ಜನವರಿಯಲ್ಲಿ ಅದು ಕ್ವಾಂಟಿಕೊದಲ್ಲಿ ಸಶಸ್ತ್ರ ಡ್ರೋನ್‌ಗಳಿಗೆಂದೇ ಒಂದು ತಂಡ ಕಟ್ಟಿತು. ಗುರಿಕಾರರನ್ನು ತಯಾರು ಮಾಡುವ ಬೆಟಾಲಿಯನ್‌ನಲ್ಲೇ ಅದನ್ನು ಇಟ್ಟದ್ದು ಜಾಣತನ. ಗುರಿಕಾರಿಕೆ ನಿತ್ಯದ ಅಭ್ಯಾಸದಿಂದ ಉಳಿಯುವ ವಿದ್ಯೆ, ಡ್ರೋನೂ ಹಾಗೆಯೇ. ಉಕ್ರೇನ್ ಇನ್ನೂ ಮುಂದೆ ಹೋಗಿ 2024ರಲ್ಲಿ ಚಾಲಕರಹಿತ ವ್ಯವಸ್ಥೆಗಳಿಗೇ ಪ್ರತ್ಯೇಕ ಪಡೆ ಮಾಡಿಕೊಂಡಿತು.

ಇನ್ನು ತಂಡದ ಒಳಗಿನ ಕೆಲಸ. ಹೊರಗಿನವರಿಗೆ ಕಾಣುವುದು ಪೈಲಟ್ ಒಬ್ಬನೇ. ಅವನು ಕಣ್ಣಿಗೆ ಗಾಗಲ್ಸ್ ಹಾಕಿಕೊಂಡ ಮೇಲೆ ಡ್ರೋನಿನ ಕ್ಯಾಮೆರಾ ಕಂಡದ್ದಷ್ಟೇ ಅವನಿಗೂ ಕಾಣುತ್ತದೆ. ತನ್ನ ಪಕ್ಕದಲ್ಲಿ ಏನಾಗುತ್ತಿದೆ ಎಂಬುದು ತಿಳಿಯದು. ಹಾಗಾಗಿ ಪಕ್ಕದಲ್ಲಿ ಇನ್ನೊಬ್ಬ ಬೇಕು: ನಕ್ಷೆ ನೋಡಿ ದಾರಿ ಹೇಳಲು, ರೇಡಿಯೊ ಕೇಳಲು, ಕಾವಲು ಕಾಯಲು. ಸಿಡಿಮದ್ದಿನ ಜವಾಬ್ದಾರಿ ಅದಕ್ಕೆಂದೇ ತರಬೇತಿ ಪಡೆದವನದ್ದು. ಹೊಡೆಯಲೇ ಬೇಡವೇ ಎಂದು ತೀರ್ಮಾನಿಸುವವನು ಕಮಾಂಡರ್. ಇವರೆಲ್ಲರಿಗಿಂತ ನಾನು ಹೆಚ್ಚು ಬೆಲೆ ಕೊಡುವುದು ರಿಪೇರಿ ಮಾಡುವವನಿಗೆ. ರೆಕ್ಕೆ ಮುರಿಯುತ್ತದೆ, ಮೋಟಾರಿಗೆ ಧೂಳು ಸೇರುತ್ತದೆ, ಬೆಸುಗೆ ಬಿಟ್ಟುಕೊಳ್ಳುತ್ತದೆ. ಲಡಾಖಿನ ಚಳಿಯಲ್ಲಿ ಬ್ಯಾಟರಿ ಬೇಗ ಖಾಲಿಯಾಗುತ್ತದೆ, ತೆಳುಗಾಳಿಯಲ್ಲಿ ಅದೇ ಡ್ರೋನ್ ಹೊರುವ ತೂಕ ಇಳಿಯುತ್ತದೆ. ಇದನ್ನೆಲ್ಲ ಸ್ಥಳದಲ್ಲೇ ಸರಿಪಡಿಸುವವನು ಇಲ್ಲದಿದ್ದರೆ ಹತ್ತು ಡ್ರೋನ್‌ಗಳು ಕೆಲವೇ ವಾರಗಳಲ್ಲಿ ಮೂಲೆ ಸೇರುತ್ತವೆ. ಐಟಿಐ ಎಲೆಕ್ಟ್ರಾನಿಕ್ಸ್ ಓದಿದ ಹುಡುಗರ ಕೈಚಳಕಕ್ಕೆ ಸೇನೆಯಲ್ಲಿ ಇಂದು ಇಷ್ಟೊಂದು ಕೆಲಸವಿದೆ.

ತರಬೇತಿ ಮೆಟ್ಟಿಲು ಮೆಟ್ಟಿಲಾಗಿ ಸಾಗುತ್ತದೆ. ಮೊದಲು ಸಿಮ್ಯುಲೇಟರ್, ಪರದೆಯ ಮೇಲೆ ಎಷ್ಟು ಸಲ ಬೀಳಿಸಿದರೂ ಕಾಸಿನ ನಷ್ಟವಿಲ್ಲ. ಬೆರಳುಗಳು ಪಳಗಿದ ಮೇಲೆ ಬಯಲಿನಲ್ಲಿ ಸಣ್ಣ ಡ್ರೋನ್, ಆಮೇಲೆ ಮರ, ಕಿಟಕಿ, ಕಂದಕಗಳ ನಡುವೆ ನುಸುಳುವುದು, ಆಮೇಲೆ ರಾತ್ರಿ. ಅದಾದ ಮೇಲೆ ಸಿಡಿತಲೆಯಷ್ಟೇ ತೂಗುವ ಹುಸಿ ಭಾರ ಹೊತ್ತು ಹಾರಾಟ, ಏಕೆಂದರೆ ಭಾರ ಬಿದ್ದ ಡ್ರೋನ್ ತಿರುಗುವ ರೀತಿಯೇ ಬೇರೆ. ನಿಜವಾದ ಸಿಡಿಮದ್ದು ಬರುವುದು ಕೊನೆಗೆ, ಅದೂ ಗುಂಡು ಹಾರಿಸುವ ರೇಂಜ್‌ನಲ್ಲಿ ಮಾತ್ರ.

ಇಂಥ ತರಬೇತಿ ಕೊಡುವ ಶಾಲೆ ಹೇಗಿರಬೇಕೆಂಬುದಕ್ಕೆ ಪಠಾಣ್‌ಕೋಟ್ ಒಳ್ಳೆಯ ಉದಾಹರಣೆ. ಸೇನೆಯ ರೈಸಿಂಗ್ ಸ್ಟಾರ್ ಕೋರ್ ಅಲ್ಲಿ ಡ್ರೋನ್ ಯುದ್ಧ ಶಾಲೆ ನಡೆಸುತ್ತದೆ. ಅದೇ ಕೋರ್‌ನ ಒಂದು ಬ್ರಿಗೇಡ್ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ಚಂಡೀಗಢ ಪ್ರಯೋಗಾಲಯ ಟಿಬಿಆರ್‌ಎಲ್ ಜೊತೆ ಸೇರಿ 2024ರ ಆಗಸ್ಟ್‌ನಲ್ಲಿ ಕೆಲಸ ಶುರುಮಾಡಿ, ಟ್ಯಾಂಕ್ ಹೊಡೆಯಬಲ್ಲ ಎಫ್‌ಪಿವಿ (ಗಾಗಲ್ಸ್‌ನಲ್ಲಿ ಕ್ಯಾಮೆರಾ ಚಿತ್ರ ನೋಡುತ್ತ ಹಾರಿಸುವ) ಡ್ರೋನನ್ನು ಸಿದ್ಧಪಡಿಸಿ 2025ರ ಮಾರ್ಚ್‌ನಲ್ಲಿ ಪರೀಕ್ಷೆ ಮುಗಿಸಿತು. ಜೋಡಣೆ ನಡೆದದ್ದು ಶಾಲೆಯಲ್ಲೇ. ಸಾಗಿಸುವಾಗ, ಕೈಯಲ್ಲಿ ಹಿಡಿದಾಗ, ಹಾರುವಾಗ ತಪ್ಪಿಯೂ ಸಿಡಿಯದಂತೆ ಎರಡು ಹಂತದ ಸುರಕ್ಷತೆ ಅದಕ್ಕಿದೆ. ಪೈಲಟ್ ಒಬ್ಬನೇ ಅದನ್ನು ಸಿಡಿಸಬಲ್ಲ. ತಾನೇ ಕಟ್ಟಿದ ಡ್ರೋನನ್ನು ಹಾರಿಸುವವನಿಗೆ ಅದರ ಬಲವೂ ಗೊತ್ತು, ಕೊರತೆಯೂ ಗೊತ್ತು. ಅಂಗಡಿಯಿಂದ ತಂದ ಪೆಟ್ಟಿಗೆ ಬಿಚ್ಚಿದವನಿಗೆ ಈ ತಿಳಿವು ಬರಲು ಬಹಳ ಕಾಲ ಬೇಕು.

ಕಠಿಣವಾದ ಪಾಠ ಜ್ಯಾಮಿಂಗ್. ಶತ್ರು ರೇಡಿಯೊ ಅಲೆಗಳನ್ನು ಗದ್ದಲದಿಂದ ತುಂಬಿದರೆ ಗಾಗಲ್ಸ್‌ನಲ್ಲಿ ಚಿತ್ರ ಕಲಸಿಹೋಗುತ್ತದೆ, ಉಪಗ್ರಹದ ದಾರಿ ಸೂಚನೆ ತಪ್ಪುತ್ತದೆ. ಶಾಂತ ಮೈದಾನದಲ್ಲಿ ಚೆನ್ನಾಗಿ ಹಾರಿಸಿದವನು ಇಲ್ಲಿ ಕಂಗೆಡುತ್ತಾನೆ. ಆದ್ದರಿಂದ ಅಭ್ಯಾಸದಲ್ಲೇ ಸಂಪರ್ಕ ಕಡಿದು ಕಲಿಸಬೇಕು. 2025ರ ಮೇ 8ರ ರಾತ್ರಿ ಪಾಕಿಸ್ತಾನ ನಮ್ಮ 36 ಕಡೆಗಳತ್ತ ಸುಮಾರು 300ರಿಂದ 400 ಡ್ರೋನ್ ಬಿಟ್ಟಿತೆಂದು ಸರ್ಕಾರ ಹೇಳಿತು. ಅಷ್ಟು ಡ್ರೋನ್‌ಗಳ ನಡುವೆ ನಮ್ಮದ್ಯಾವುದು, ಅವರದ್ಯಾವುದು ಎಂದು ಗುರುತಿಸುವುದೂ ತರಬೇತಿಯ ಭಾಗ. ಇಲ್ಲವಾದರೆ ನಮ್ಮ ವಿಮಾನ ನಿರೋಧಕ ತುಪಾಕಿಗಳೇ ನಮ್ಮ ಡ್ರೋನ್ ಉರುಳಿಸಿಬಿಡುತ್ತವೆ. ಹಾಗೆಯೇ, ಪರದೆಯ ಮೇಲೆ ಕಾಣುವವನು ಸೈನಿಕನೋ ಕುರಿ ಕಾಯುವವನೋ ಎಂಬ ಅನುಮಾನ ಉಳಿದಿರುವಾಗ ಡ್ರೋನ್ ಹಿಂದಕ್ಕೆ ಕರೆಸುವುದನ್ನು ಪೈಲಟ್‌ಗೆ ರೂಢಿ ಮಾಡಿಸಬೇಕು. ಇದನ್ನು ಹಾರಾಟದಷ್ಟೇ ಶ್ರದ್ಧೆಯಿಂದ ಕಲಿಸಬೇಕೆಂಬುದು ನನ್ನ ದೃಢವಾದ ಅಭಿಪ್ರಾಯ.

ಡ್ರೋನ್ ಹುಟ್ಟುವ ನೆಲ ನಮಗೆ ಹತ್ತಿರದಲ್ಲೇ ಇದೆ. ಚಾಲಕರಹಿತ ವಿಮಾನಗಳನ್ನು ರೂಪಿಸುವ ಡಿಆರ್‌ಡಿಒ ಸಂಸ್ಥೆ ಎಡಿಇ ಬೆಂಗಳೂರಿನಲ್ಲಿದೆ. ಅದರ ವಿಮಾನಗಳ ಪರೀಕ್ಷಾ ನೆಲೆ ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಬಳಿ, ಅಮೃತಮಹಲ್ ಕಾವಲುಗಳಿದ್ದ ಬಯಲಿನಲ್ಲಿ. ರುಸ್ತುಂ-2, ಅಂದರೆ ತಪಸ್, 2016ರ ನವೆಂಬರ್‌ನಲ್ಲಿ ಮೊದಲು ಹಾರಿದ್ದು ಅಲ್ಲೇ. 2019ರಲ್ಲಿ ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ, 2023ರಲ್ಲಿ ಹಿರಿಯೂರು ತಾಲ್ಲೂಕಿನ ವದ್ದೀಕೆರೆ ಬಳಿ ಅದು ಬಿದ್ದದ್ದನ್ನು ಆ ಕಡೆಯ ರೈತರು ಕಣ್ಣಾರೆ ಕಂಡಿದ್ದಾರೆ. 2025ರ ಮೇ ತಿಂಗಳ ಸೇನಾ ಕಾರ್ಯಾಚರಣೆ ಆಪರೇಷನ್ ಸಿಂಧೂರದಲ್ಲಿ ಬಳಕೆಯಾಯಿತೆಂದು ವರದಿಯಾದ ಸ್ಕೈಸ್ಟ್ರೈಕರ್, 5 ಅಥವಾ 10 ಕಿಲೋ ಸಿಡಿತಲೆ ಹೊರುವ ಡ್ರೋನ್. ಅದನ್ನು ಇಸ್ರೇಲಿನ ಎಲ್ಬಿಟ್ ಜೊತೆ ತಯಾರಿಸುವುದು ಬೆಂಗಳೂರಿನ ಆಲ್ಫಾ ಡಿಸೈನ್. ನಮ್ಮ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರುವರಿ 6ರಂದು ಉದ್ಘಾಟನೆಯಾದ ಎಚ್‌ಎಎಲ್ ಘಟಕ ಹೆಲಿಕಾಪ್ಟರ್‌ನದ್ದು, ಡ್ರೋನಿನದ್ದಲ್ಲ. ಆದರೂ ವಿಮಾನದ ಬಿಡಿಭಾಗ, ವೈರಿಂಗ್, ತಪಾಸಣೆ ಬಲ್ಲ ಕೈಗಳು ಈ ಜಿಲ್ಲೆಯಲ್ಲಿ ಹೆಚ್ಚಲು ಅದು ನೆರವಾಗುತ್ತದೆ. ಗಡಿಯಲ್ಲಿ ಹಾರಿಸಿದ ಹವಾಲ್ದಾರ್ ಕಂಡ ದೋಷ ಬೆಂಗಳೂರಿನ ಎಂಜಿನಿಯರ್‌ನ ಮೇಜಿಗೆ ವಾರದೊಳಗೆ ಬರುವಂತಾದರೆ ನಮ್ಮ ಡ್ರೋನ್‌ಗಳು ಬೇಗ ಸುಧಾರಿಸುತ್ತವೆ.

ನನಗೆ ಕಳವಳ ತರುವುದು ಜನರನ್ನು ಉಳಿಸಿಕೊಳ್ಳುವ ಪ್ರಶ್ನೆ. ಅಗ್ನಿವೀರನ ಸೇವೆ 4 ವರ್ಷ, ಕಾಯಂ ಆಗುವವರು ಶೇ 25ರವರೆಗೆ. ಡ್ರೋನ್ ಪೈಲಟ್ ಪಕ್ವವಾಗಿ ಇನ್ನೊಬ್ಬರಿಗೆ ಕಲಿಸುವ ಹಂತಕ್ಕೆ ಬರುವಾಗಲೇ ಮನೆಗೆ ಹೊರಟರೆ ಪ್ಲಟೂನ್ ಮತ್ತೆ ಮೊದಲಿನಿಂದ ಶುರುಮಾಡಬೇಕು. ಕಾಯಂ ಮಾಡುವಾಗ ಡ್ರೋನ್ ಬೋಧಕರಿಗೆ, ರಿಪೇರಿಯವರಿಗೆ ಆದ್ಯತೆ ಸಿಗಬೇಕು.

ಸೇನೆಗೆ ಹೋಗುವ ಮೊದಲೇ ಕಲಿಯಬೇಕೆನ್ನುವವರಿಗೆ ನಾಗರಿಕ ದಾರಿಯೂ ಇದೆ. 2021ರ ಡ್ರೋನ್ ನಿಯಮಗಳ ಪ್ರಕಾರ 18 ತುಂಬಿದ, ಎಸ್‌ಎಸ್‌ಎಲ್‌ಸಿ ಪಾಸಾದವರು ಮಾನ್ಯತೆ ಪಡೆದ ಸಂಸ್ಥೆಯಲ್ಲಿ ತರಬೇತಿ ಮುಗಿಸಿ ರಿಮೋಟ್ ಪೈಲಟ್ ಪ್ರಮಾಣಪತ್ರ ಪಡೆಯಬಹುದು. 250 ಗ್ರಾಂ ಮೀರದ ನ್ಯಾನೊ ಡ್ರೋನ್ ಹಾರಿಸಲು ಆ ಪ್ರಮಾಣಪತ್ರವೂ ಬೇಡ. ಹಸಿರು ವಲಯದಲ್ಲಿ 400 ಅಡಿ ಎತ್ತರದವರೆಗೆ ಹಾರಿಸಬಹುದು. ಕೆಂಪು ವಲಯದಲ್ಲಿ ಕೇಂದ್ರ ಸರ್ಕಾರದ ಅನುಮತಿ ಇಲ್ಲದೆ ಎತ್ತುವಂತಿಲ್ಲ. ನಿಮ್ಮ ಜಾಗ ಯಾವ ಬಣ್ಣದಲ್ಲಿದೆ ಎಂಬುದನ್ನು ಡಿಜಿಟಲ್ ಸ್ಕೈ ನಕ್ಷೆಯಲ್ಲಿ ಹಾರಿಸುವ ದಿನವೇ ನೋಡಿಕೊಳ್ಳಿ, ಎಚ್‌ಎಎಲ್ ಘಟಕವಿರುವ ಗುಬ್ಬಿ ಕಡೆ ಹೋಗುವವರಂತೂ ತಪ್ಪದೆ.