ಕತ್ತರಿಸಿ ಕೂಡಿಸುವ ವಿದ್ಯೆ

ಇಡಿಯಾದ ಚಿತ್ರವನ್ನು ಚೂರುಚೂರಾಗಿ ಕತ್ತರಿಸಿ ಮತ್ತೆ ಹೊಂದಿಸುವ ಆಟವೇ ಚಿತ್ರಜೋಡಣೆ. ಇದು ಹುಟ್ಟಿದ್ದು ಪಾಠ ಕಲಿಸುವುದಕ್ಕಾಗಿ. 1760ರ ದಶಕದಲ್ಲಿ ಲಂಡನ್ನಿನ ಜಾನ್ ಸ್ಪಿಲ್ಸ್‌ಬರಿ ಎಂಬಾತನು ಭೂಪಟವನ್ನು ಮರದ ಹಲಗೆಗೆ ಅಂಟಿಸಿ, ದೇಶಗಳ ಗಡಿಯುದ್ದಕ್ಕೂ ಕೊಯ್ದನು. ಆ ಚೂರುಗಳನ್ನು ಹೊಂದಿಸುತ್ತ ಮಕ್ಕಳು ಭೂಗೋಳವನ್ನು ಕಲಿತರು.

ಭೂಪಟಕ್ಕೆ ಬದಲಾಗಿ ಹಳೆಯ ಹೊಲಿಗೆ ತರಗತಿಯೊಂದರ ಛಾಯಾಚಿತ್ರವನ್ನು ಹೀಗೆ ಕತ್ತರಿಸಿದರೆ ಏನನ್ನು ಕಲಿಯಬಹುದು? ಇಡಿಯಾಗಿದ್ದಾಗ ಒಮ್ಮೆ ನೋಡಿ ಮರೆತುಬಿಡುವ ಚಿತ್ರವದು. ಚೂರಾದಾಗ ಒಂದೊಂದನ್ನೂ ಕೈಯಲ್ಲಿ ಹಿಡಿದು ನೋಡಲೇಬೇಕು. ಒಂದರಲ್ಲಿ ಯಂತ್ರದ ಚಕ್ರ, ಇನ್ನೊಂದರಲ್ಲಿ ಕತ್ತರಿ, ಮತ್ತೊಂದರಲ್ಲಿ ಬಟ್ಟೆಯ ಮೇಲೆ ಬಾಗಿದ ಹೆಣ್ಣುಮಗಳ ಮುಖ. ಆಕೆ ಅಲ್ಲಿಗೆ ಬಂದುದೇಕೆ?

ಉತ್ತರವನ್ನು ದೂರದಲ್ಲಿ ಅರಸಬೇಕಾಗಿಲ್ಲ. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರಿತ್ತು. ಅದರ ಪಶ್ಚಿಮದಂಚಿನ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಜನಿಸಿದವರು ಪಂಡಿತಾ ರಮಾಬಾಯಿ. ಅವರು 1889ರಲ್ಲಿ ಮುಂಬಯಿಯಲ್ಲಿ ವಿಧವೆಯರಿಗಾಗಿ ಶಾರದಾ ಸದನವನ್ನು ತೆರೆದರು. ಮುಂದೆ ಪುಣೆಯ ಬಳಿಯ ಕೇಡಗಾಂವದಲ್ಲಿ ಸ್ಥಾಪಿಸಿದ ಮುಕ್ತಿ ಸದನದಲ್ಲಿ ಓದುಬರಹದೊಡನೆ ಹೊಲಿಗೆ, ನೇಯ್ಗೆ, ಮುದ್ರಣಗಳನ್ನೂ ಕಲಿಸಿದರು. ಹಂಗಿನ ಅನ್ನವನ್ನು ಉಣ್ಣುತ್ತಿದ್ದವರಿಗೆ ಸೂಜಿದಾರಗಳು ಸ್ವಂತ ದುಡಿಮೆಯ ದಾರಿಯಾದವು.

ಕತ್ತರಿಸದೆ ಬಟ್ಟೆ ಅಂಗಿಯಾಗದು. ಕೂಡಿಸದಿದ್ದರೆ ಕತ್ತರಿಸಿದುದು ವ್ಯರ್ಥ. ಒಂದು ಚೂರು ಕಳೆದುಹೋದರೂ ಚಿತ್ರ ಪೂರ್ಣವಾಗದು. ದುಡಿದು ತಲೆಯೆತ್ತಿ ಬಾಳಿದ ಹೆಣ್ಣುಮಕ್ಕಳನ್ನು ಕೈಬಿಟ್ಟರೆ ನಾಡಿನ ಚರಿತ್ರೆಯೂ ಹಾಗೆಯೇ ಅಪೂರ್ಣ.