ನಂಟು, ವರಸೆ, ಕಳ್ಳುಬಳ್ಳಿ: ಸಂಬಂಧವಾಚಕ ಪದಗಳ ಜಾನಪದೀಯ ನೆಲೆಗಳು

ಮನುಷ್ಯರ ನಡುವಣ ಸಂಬಂಧವನ್ನು ಸೂಚಿಸುವ ಪದಗಳಿಗೆ ಕನ್ನಡದಲ್ಲಿ ಕೊರತೆಯಿಲ್ಲ. ನಂಟು, ಬಾಂಧವ್ಯ, ಬಳಗ, ಕಳ್ಳುಬಳ್ಳಿ, ವರಸೆ, ಬೀಗತನ, ದಾಯಾದಿತನ, ಒಡನಾಟ, ಬಳಕೆ, ಋಣ ಮುಂತಾದವು ನಿಘಂಟುಗಳಲ್ಲಿ ಒಂದಕ್ಕೆ ಇನ್ನೊಂದು ಅರ್ಥವಾಗಿ ಕಾಣಿಸಿಕೊಳ್ಳುವುದುಂಟು. ಜನಪದ ಪಠ್ಯಗಳ ಸಂಪಾದಕರು ಅನುಬಂಧದಲ್ಲಿ ಒದಗಿಸುವ ಪದಕೋಶಗಳಲ್ಲಂತೂ ಇವುಗಳಲ್ಲಿ ಹಲವಕ್ಕೆ ‘ಸಂಬಂಧ’ ಎಂಬ ಒಂದೇ ವಿವರಣೆ ಸಾಕೆನಿಸಿಬಿಡುತ್ತದೆ. ಆದರೆ ಈ ಪದಗಳನ್ನು ನಿತ್ಯ ಬಳಸುವ ಜನ ಒಂದರ ಜಾಗದಲ್ಲಿ ಮತ್ತೊಂದನ್ನು ಇರಿಸುವುದಿಲ್ಲ. ಯಾರ ಮನೆಯಿಂದ ಹೆಣ್ಣು ತರಬಹುದು, ಯಾರ ಸಾವಿಗೆ ಎಷ್ಟು ದಿನ ಸೂತಕ, ಯಾರಿಗೆ ಜಮೀನಿನಲ್ಲಿ ಪಾಲು, ಯಾರು ಯಾರ ಹೊಲದಲ್ಲಿ ದುಡಿಯಬೇಕು ಎಂಬ ಕಟ್ಟಳೆಗಳು ಈ ಪದಗಳೊಳಗೆ ಅಡಗಿವೆ. ಸಮಾನಾರ್ಥಕಗಳೆಂದು ಇವನ್ನು ಒಟ್ಟುಗೂಡಿಸಿದಾಗ ಮರೆಯಾಗುವುದು ಆ ಕಟ್ಟಳೆಗಳೇ.

ಹಾಗೆ ನೋಡಿದರೆ ‘ಸಂಬಂಧ’ವೂ ಜನರ ಬಾಯಲ್ಲಿ ತಟಸ್ಥ ಪದವಾಗಿ ಉಳಿದಿಲ್ಲ. ‘ಒಳ್ಳೆಯ ಸಂಬಂಧ ಬಂದಿದೆ’ ಎಂದರೆ ಮದುವೆಯ ಪ್ರಸ್ತಾಪ ಬಂದಿದೆಯೆಂದೇ ಅರ್ಥ. ದನಿ ತಗ್ಗಿಸಿ ‘ಅವನಿಗೆ ಅಲ್ಲಿ ಸಂಬಂಧವಿದೆ’ ಎಂದರೆ ಅದು ಬೇರೆಯದೇ ಮಾತು. ಸಾಮಾನ್ಯವಾಗಿ ಇಬ್ಬರ ನಡುವಣ ಬಂಧುತ್ವವನ್ನು ತಿಳಿಯಬಯಸುವವರು ‘ಸಂಬಂಧವೇನು’ ಎಂದು ಕೇಳುವುದಕ್ಕಿಂತ ‘ಅವರು ನಿಮಗೆ ಏನಾಗಬೇಕು’ ಎಂದು ಕೇಳುವುದೇ ಹೆಚ್ಚು. ಇಲ್ಲಿನ ಕ್ರಿಯಾಪದ ಗಮನಾರ್ಹ. ‘ಏನಾಗಿದ್ದಾರೆ’ ಎಂದಲ್ಲ, ‘ಏನಾಗಬೇಕು’ ಎಂದು. ಉತ್ತರವೂ ಅದೇ ರೂಪದಲ್ಲಿ ಬರುತ್ತದೆ: ‘ವರಸೆಯಲ್ಲಿ ಅಣ್ಣನಾಗಬೇಕು.’ ವರಸೆಯೆಂದರೆ ಸಾಲು, ಕ್ರಮ. ಸಾಲಿನಲ್ಲಿ ವ್ಯಕ್ತಿಗೆ ದೊರೆತ ಸ್ಥಾನವು ಆತನ ನಡವಳಿಕೆಯನ್ನು ಮೊದಲೇ ಗೊತ್ತುಮಾಡುತ್ತದೆ; ಯಾರೊಡನೆ ಸರಸ ಸಲ್ಲುತ್ತದೆ, ಯಾರೆದುರು ತಲೆ ತಗ್ಗಿಸಬೇಕು ಎಂಬುದನ್ನು ಮತ್ತೆ ಹೇಳಬೇಕಾಗಿಲ್ಲ.

ನಂಟು ಎಂಬುದರ ಚರಿತ್ರೆ ಇನ್ನಷ್ಟು ಕುತೂಹಲಕರವಾದುದು. ಹಳಗನ್ನಡದ ‘ನಣ್ಪು’, ತಮಿಳಿನ ‘ನಟ್ಪು’ ಇದರ ಸಜಾತಿ ಪದಗಳು. ತಮಿಳಿನಲ್ಲಿ ಈ ಧಾತು ಗೆಳೆತನದ ಕಡೆಗೆ ಸಾಗಿದರೆ ಕನ್ನಡದಲ್ಲಿ ಅದು ಮದುವೆಯ ಕಡೆಗೆ ವಾಲಿದೆ. ದಕ್ಷಿಣ ಕರ್ನಾಟಕದ ಒಕ್ಕಲು ಸಮುದಾಯಗಳಲ್ಲಿ ‘ನೆಂಟಸ್ತನ’ ಮತ್ತು ‘ಅಣ್ಣತಮ್ಮಿಕೆ’ ಪರಸ್ಪರ ವಿರುದ್ಧವಾದ ಎರಡು ವರ್ಗಗಳು. ಅಣ್ಣತಮ್ಮಿಕೆಯ ಮನೆಯಿಂದ ಹೆಣ್ಣು ತರುವಂತಿಲ್ಲ. ತರಬಹುದಾದ ಮನೆಯವರೇ ನೆಂಟರು. ದ್ರಾವಿಡ ಬಂಧುವಾಚಕಗಳು ಮದುವೆಯ ಕ್ರಮವನ್ನೇ ಅಭಿವ್ಯಕ್ತಿಸುತ್ತವೆಯೆಂದು ಲೂಯಿ ದ್ಯುಮೊ 1953ರಲ್ಲಿ ಪ್ರತಿಪಾದಿಸಿದರು. ಆ ವಾದಕ್ಕೆ ಕನ್ನಡದ ‘ಅತ್ತೆ’, ‘ಮಾವ’ ಎಂಬ ಪದಗಳೇ ಸಾಕ್ಷಿ. ತಂದೆಯ ತಂಗಿಯೂ ಅತ್ತೆ, ಸೋದರಮಾವನ ಹೆಂಡತಿಯೂ ಅತ್ತೆ, ಕೈಹಿಡಿದವರ ತಾಯಿಯೂ ಅತ್ತೆ.

‘ನೆಂಟರು’ ಎಂಬ ಪದಕ್ಕೆ ಅತಿಥಿಗಳೆಂಬ ಅರ್ಥವೂ ಬಂದಿರುವುದನ್ನು ಈ ಹಿನ್ನೆಲೆಯಲ್ಲಿ ಪರಿಶೀಲಿಸಬೇಕು. ಉತ್ತರ ಕರ್ನಾಟಕದಲ್ಲಿ ‘ಬೀಗರು’ ಎಂಬುದಕ್ಕೂ ಇದೇ ವಿಸ್ತರಣೆ ಉಂಟು. ಮೂಲತಃ ವಧೂವರರ ತಂದೆತಾಯಿಗಳು ಪರಸ್ಪರ ಬೀಗರು. ಆದರೆ ಮನೆಗೆ ಬಂದ ಬಂಧುವೆಲ್ಲ ಅಲ್ಲಿ ಬೀಗನೇ. ದಾಯಾದಿಗೆ ಮಾತ್ರ ಎಲ್ಲಿಯೂ ಅತಿಥಿಯೆಂಬ ಅರ್ಥ ಬರಲಿಲ್ಲ. ಬರುವ ಸಾಧ್ಯತೆಯೂ ಇರಲಿಲ್ಲ; ಆತ ಪಕ್ಕದ ಮನೆಯಲ್ಲಿಯೇ, ಎಷ್ಟೋ ವೇಳೆ ನಡುವೆ ಗೋಡೆ ಎಬ್ಬಿಸಿಕೊಂಡು ಅದೇ ಮನೆಯಲ್ಲಿಯೇ ಇರುವವನು. ಸಂಸ್ಕೃತದ ‘ದಾಯಾದ’ ಎಂದರೆ ಪಾಲನ್ನು ಪಡೆಯುವವನು. ‘ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ’ ಎಂಬ ಗಾದೆ ನೆಂಟರ ವಿಷಯದಲ್ಲಿ ಮಾತ್ರ ಹುಟ್ಟಬಲ್ಲದು. ನೆಂಟನಿಂದ ಖರ್ಚಾಗುವುದು ಅಕ್ಕಿ, ದಾಯಾದಿಯಿಂದ ಹಂಚಿಹೋಗುವುದು ಮಣ್ಣು. ಮದುವೆಯ ಹಾಡುಗಳಲ್ಲಿ ಬೀಗರನ್ನು ಬಾಯ್ತುಂಬ ಹಳಿಯುವ ಸಂಪ್ರದಾಯವಿದೆ. ದಾಯಾದಿಯನ್ನು ಹಾಗೆ ನಗುನಗುತ್ತ ಹಳಿಯುವ ಸಂಪ್ರದಾಯ ಬೆಳೆಯದಿರುವುದಕ್ಕೆ ಕಾರಣವನ್ನು ಬಹಳ ದೂರ ಹುಡುಕಬೇಕಾಗಿಲ್ಲ.

ಇನ್ನು ಕೆಲವು ಪದಗಳು ಸಸ್ಯಲೋಕದಿಂದ ಬಂದಿವೆ. ಉತ್ತರ ಕರ್ನಾಟಕದ ‘ಕಳ್ಳುಬಳ್ಳಿ’ ಕರುಳುಬಳ್ಳಿಯ ಆಡುರೂಪ. ತುಳುನಾಡಿನ ಅಳಿಯಕಟ್ಟಿನಲ್ಲಿ ತಾಯಿಯ ಕಡೆಯಿಂದ ಒಡೆದ ಶಾಖೆಗೆ ‘ಕವರು’ ಎಂದು ಹೆಸರು. ಕನ್ನಡದ ‘ಕವಲು’ ಇದಕ್ಕೆ ಹತ್ತಿರದ ಪದ. ಕೊಂಬೆ ಒಡೆಯುವುದನ್ನು ಸೂಚಿಸುವ ಈ ದೇಸಿ ಪದ 1949ರ ಮದ್ರಾಸು ಅಳಿಯಸಂತಾನ ಕಾಯಿದೆಯಲ್ಲಿ ಪಾರಿಭಾಷಿಕವಾಗಿ ನೆಲೆಗೊಂಡಿತು. ಅದನ್ನು ‘ಸಂಬಂಧಿಗಳ ಗುಂಪು’ ಎಂದು ಬದಲಿಸಿದ್ದರೆ ನ್ಯಾಯಾಲಯಗಳಿಗೆ ಪಾಲು ನಿಷ್ಕರ್ಷಿಸುವುದು ಸಾಧ್ಯವಾಗುತ್ತಿರಲಿಲ್ಲ. ಪದದ ನಿಖರತೆಯ ಅಗತ್ಯವನ್ನು ಕಾನೂನು ತಿಳಿದಷ್ಟು ಜಾನಪದ ಸಂಪಾದನೆ ತಿಳಿದಿಲ್ಲವೆಂದರೆ ಅದು ಕಟುವಾದರೂ ಸುಳ್ಳಲ್ಲ.

ಈ ಅಲಕ್ಷ್ಯದ ಪರಿಣಾಮ ತೀವ್ರವಾಗಿ ತೋರುವುದು ರಕ್ತಸಂಬಂಧವಿಲ್ಲದೆಡೆ ಬಳಕೆಯಾಗುವ ‘ಮಗ’ ಎಂಬ ಪದದಲ್ಲಿ. ಹಳೆಯ ಮೈಸೂರು ಸೀಮೆಯಲ್ಲಿ ಒಕ್ಕಲಿಗರ ಮನೆಗೆ ತಲೆಮಾರುಗಳಿಂದ ಸೇವೆ ಸಲ್ಲಿಸುತ್ತಿದ್ದ ಅಸ್ಪೃಶ್ಯ ಕುಟುಂಬದವನನ್ನು ‘ಹಳೆಮಗ’ ಎಂದು ಕರೆಯುತ್ತಿದ್ದರು. ಎಂ.ಎನ್. ಶ್ರೀನಿವಾಸ್ ಅವರು 1948ರಲ್ಲಿ ಕ್ಷೇತ್ರಕಾರ್ಯ ನಡೆಸಿದ ರಾಂಪುರದ ಅಧ್ಯಯನಗಳಲ್ಲಿ ಈ ಪದ್ಧತಿಯ ಉಲ್ಲೇಖವಿದೆ. ಮದುವೆ, ಸಾವುಗಳಲ್ಲಿ ಗೊತ್ತಾದ ಕೆಲಸ, ಸುಗ್ಗಿಯಲ್ಲಿ ಗೊತ್ತಾದ ಧಾನ್ಯ. ಮಗನೆಂಬ ಹೆಸರುಳ್ಳ ಈತನಿಗೆ ಪಾಲಿಲ್ಲ, ನಡುಮನೆಗೆ ಪ್ರವೇಶವಿಲ್ಲ, ಯಜಮಾನನ ಸಾವಿನ ಸೂತಕವೂ ಇಲ್ಲ. ಇದ್ದದ್ದು ದುಡಿಮೆಯ ಹೊಣೆ ಮಾತ್ರ. ಇದನ್ನು ‘ಸಂಬಂಧ’ವೆಂದು ವಿವರಿಸಿದರೆ ಅಧೀನತೆ ಮರೆಯಾಗುತ್ತದೆ. ‘ಆಳು’ ಎಂದರೆ, ಆ ಅಧೀನತೆಯನ್ನು ಬಂಧುತ್ವದ ಮಾತಿನಲ್ಲಿ ಮುಚ್ಚಿದ ಜಾಣ್ಮೆ ಮರೆಯಾಗುತ್ತದೆ.

ಅದೇ ಸೀಮೆಯ ಮಂಟೇಸ್ವಾಮಿ ಕಾವ್ಯದಲ್ಲಿ ‘ಶಿಶುಮಗ’ ಎಂಬ ಪದವಿದೆ. ಪಾಂಚಾಳರ ಮನೆಯ ಕೆಂಪಾಚಾರಿಯನ್ನು ಮಂಟೇಸ್ವಾಮಿ ತನ್ನ ಶಿಶುಮಗನಾಗಿ ಬೇಡುತ್ತಾನೆ. ಹೆತ್ತವರು ಸುಲಭವಾಗಿ ಒಪ್ಪುವುದಿಲ್ಲ. ಕೊನೆಗೆ ಅವನೇ ಸಿದ್ದಪ್ಪಾಜಿಯಾಗಿ, ಹಲಗೂರಿನ ಪಾಂಚಾಳರಿಂದ ಕಬ್ಬಿಣದ ಭಿಕ್ಷೆ ತರಲು ಹೋಗಿ ಕಠಿಣ ಪರೀಕ್ಷೆಗಳಿಗೆ ಒಳಗಾಗುತ್ತಾನೆ. ಇಲ್ಲಿಯೂ ಮಗನಿಗೆ ದುಡಿಮೆಯಿದೆ, ನೋವಿದೆ. ಆದರೆ ಹಳೆಮಗನಿಗೆ ಎಂದೂ ದಕ್ಕದ ಉತ್ತರಾಧಿಕಾರ ಶಿಶುಮಗನಿಗೆ ದಕ್ಕುತ್ತದೆ; ಅವನು ಸ್ವತಃ ಒಕ್ಕಲುಗಳನ್ನು ಪಡೆದ ದೈವವಾಗುತ್ತಾನೆ. ಈ ಕಾವ್ಯವನ್ನು ಹಾಡುತ್ತ ಬಂದ ನೀಲಗಾರರಲ್ಲಿ ಬಹುಪಾಲು ಜನ ದಲಿತ ಸಮುದಾಯಗಳಿಗೆ ಸೇರಿದವರೆಂಬುದನ್ನು ನೆನೆದರೆ, ಒಂದೇ ‘ಮಗ’ ಪದದ ಈ ಎರಡು ರೂಪಗಳು ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ. ‘ಶಿಶುಮಗ’ ಎಂಬುದಕ್ಕೆ ‘ಶಿಷ್ಯ’ ಎಂದಷ್ಟೇ ಅರ್ಥ ಬರೆದಾಗ ಈ ಎದುರುಮಾತು ಕೇಳಿಸದೆ ಹೋಗುತ್ತದೆ.

ಜೀತಪದ್ಧತಿಯನ್ನು ರದ್ದುಗೊಳಿಸಿದ 1976ರ ಕಾಯಿದೆ ಹಾಗೂ ಭೂಸುಧಾರಣೆಯ ಅನಂತರ ‘ಹಳೆಮಗ’ ಎಂಬ ಪದ ಹಿರಿಯರ ನೆನಪಿನ ಮಾತಾಗಿ ಸರಿಯಿತು. ‘ಶಿಶುಮಗ’ ಮಾತ್ರ ಚಾಮರಾಜನಗರ ಜಿಲ್ಲೆಯ ಚಿಕ್ಕಲ್ಲೂರಿನ ಜಾತ್ರೆಯಲ್ಲಿ ತಂಬೂರಿಯ ಶ್ರುತಿಯೊಡನೆ ಇಂದಿಗೂ ಕೇಳಿಬರುತ್ತದೆ.