ಹದಿನಾಲ್ಕು ಸಮುದಾಯ, ಒಂದು ಸಭೆ

ಕಾರ್ಖಾನೆಯ ಕ್ಯಾಂಟೀನಿನಲ್ಲಿ ಕುರ್ಚಿ ಹಾಕಿಸಿ, ಹೊರಗಿನಿಂದ ಭಾಷಣಕಾರರನ್ನು ಕರೆಸಿ, ಮನಸ್ಸು ಮಾಡಿದರೆ ಏನು ಬೇಕಾದರೂ ಸಾಧ್ಯ ಎಂದು ಹೇಳಿಸುವುದು ಈಗಿನ ರೂಢಿ. ಕೇಳಿದವರು ಚಪ್ಪಾಳೆ ತಟ್ಟಿ, ಟೀ ಬಿಸ್ಕತ್ತು ಮುಗಿಸಿ ಪಾಳಿಗೆ ಮರಳುತ್ತಾರೆ. ದುಡಿಯುವವರಿಗೆ ಹುರುಪು ತುಂಬುವ ಮಾತಿಗೆ ಇದಕ್ಕಿಂತ ಹಳೆಯ, ಗಟ್ಟಿಯಾದ ಚರಿತ್ರೆಯಿದೆ. ಅದನ್ನು ನೋಡಬೇಕಾದರೆ 1912ರ ಚಳಿಗಾಲದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಲಾರೆನ್ಸ್ ಊರಿಗೆ ಹೋಗಬೇಕು.

ಮೆರಿಮ್ಯಾಕ್ ನದಿಯ ದಂಡೆಯ ಈ ಗಿರಣಿ ಊರಿನಲ್ಲಿ ಆಗ ಸುಮಾರು 86 ಸಾವಿರ ಜನ. ಉಣ್ಣೆ, ಹತ್ತಿ ಗಿರಣಿಗಳಲ್ಲಿ ಇಟಲಿ, ಪೋಲೆಂಡ್, ಲಿಥುವೇನಿಯಾ, ಸಿರಿಯಾ, ಬೆಲ್ಜಿಯಂ, ರಷ್ಯಾಗಳಿಂದ ಬಂದವರು ದುಡಿಯುತ್ತಿದ್ದರು. ಒಂದೇ ಸಾಲಿನ ಮಗ್ಗಗಳ ಮುಂದೆ ನಿಂತವರಿಗೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ಆಗಿನ ಹಳೆಯ ಕಾರ್ಮಿಕ ಸಂಘದಲ್ಲಿದ್ದವರು ಮುಖ್ಯವಾಗಿ ಕಸುಬು ಬಲ್ಲ, ಇಂಗ್ಲಿಷ್ ಬಲ್ಲ ಕೆಲಸಗಾರರು. ವಲಸೆ ಬಂದವರನ್ನು ಒಟ್ಟುಗೂಡಿಸುವುದು ಆಗದ ಕೆಲಸ ಎಂದು ಅವರು ತೀರ್ಮಾನಿಸಿಬಿಟ್ಟಿದ್ದರು.

ಆ ವರ್ಷದ ಜನವರಿ 1ರಿಂದ ಹೆಂಗಸರು, ಮಕ್ಕಳ ವಾರದ ದುಡಿಮೆಯನ್ನು 56 ಗಂಟೆಯಿಂದ 54ಕ್ಕೆ ಇಳಿಸುವ ಕಾನೂನು ಜಾರಿಗೆ ಬಂತು. ಮಾಲೀಕರು ಗಂಟೆಯ ಜೊತೆಗೆ ಕೂಲಿಯನ್ನೂ ಕತ್ತರಿಸಿದರು. ಕಡಿತ ವಾರಕ್ಕೆ ಸುಮಾರು 32 ಸೆಂಟ್. ವಾರದ ಸರಾಸರಿ ಕೂಲಿ ಒಂಬತ್ತು ಡಾಲರ್ ಮುಟ್ಟದ ಮನೆಗಳಲ್ಲಿ ಅದು ಕೆಲವು ದಿನದ ರೊಟ್ಟಿಯ ದುಡ್ಡು. ಜನವರಿ 11ರಂದು ಎವರೆಟ್ ಗಿರಣಿಯ ಪೋಲಿಷ್ ಹೆಂಗಸರು ಸಂಬಳದ ಲಕೋಟೆ ಬಿಚ್ಚಿ ಎಣಿಸಿ, ಮಗ್ಗ ನಿಲ್ಲಿಸಿ ಹೊರಗೆ ನಡೆದರು. ಕೆಲವೇ ದಿನಗಳಲ್ಲಿ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನ ಬೀದಿಯಲ್ಲಿದ್ದರು. ಗಮನಿಸಬೇಕಾದ ಮಾತೆಂದರೆ, ಮೊದಲ ಮಗ್ಗಗಳು ನಿಂತಾಗ ಯಾವ ದೊಡ್ಡ ಭಾಷಣಕಾರನೂ ಊರಿನಲ್ಲಿರಲಿಲ್ಲ.

ಮೊದಲು ಬಂದವನು ಜೋಸೆಫ್ ಎಟ್ಟರ್. ವಯಸ್ಸು 26, ಇಟಲಿಯಿಂದ ವಲಸೆ ಬಂದವರ ಮಗ, 'ವಿಶ್ವದ ಕೈಗಾರಿಕಾ ಕಾರ್ಮಿಕರು' ಎಂಬ ಸಂಘಟನೆಯವನು. ಇಂಗ್ಲಿಷ್, ಇಟಾಲಿಯನ್, ಪೋಲಿಷ್ ಮೂರರಲ್ಲೂ ಮಾತಾಡಬಲ್ಲವನಾಗಿದ್ದ. ಅವನ ನಿಜವಾದ ಜಾಣತನ ಕಂಡದ್ದು ಮಾತಿನಲ್ಲಿ ಮಾತ್ರವಲ್ಲ, ಮಾತು ಹರಿಯುವ ಕಾಲುವೆ ತೋಡಿದ್ದರಲ್ಲಿ. ಹದಿನಾಲ್ಕು ಸಮುದಾಯಗಳಿಂದ ತಲಾ ನಾಲ್ವರಂತೆ 56 ಜನರ ಮುಷ್ಕರ ಸಮಿತಿ ರಚನೆಯಾಯಿತು. ಮೈದಾನದ ದೊಡ್ಡ ಸಭೆಯಲ್ಲಿ ಕೇಳಿದ್ದನ್ನು ಈ ಪ್ರತಿನಿಧಿಗಳು ತಮ್ಮ ತಮ್ಮವರ ಸಭೆಗೆ ಒಯ್ದು, ಅವರ ಭಾಷೆಯಲ್ಲಿ ಮತ್ತೆ ಹೇಳಿ, ಅಲ್ಲಿ ಎದ್ದ ತಕರಾರುಗಳನ್ನು ಹೊತ್ತು ಸಮಿತಿಗೆ ಮರಳುತ್ತಿದ್ದರು. ಇಂದಿನ ಪ್ರೇರಣಾ ಭಾಷಣಗಳಲ್ಲಿ ಕಾಣೆಯಾಗಿರುವುದು ಈ ಮರಳಿ ಬರುವ ದಾರಿಯೇ.

ಊರಿನ ತುಂಬ ಬಂದೂಕು ಹಿಡಿದ ಸೈನ್ಯದವರು ನಿಂತಿದ್ದರು. ಬಂದೂಕಿನ ತುದಿಯ ಈಟಿಯಿಂದ ಬಟ್ಟೆ ನೇಯಲಾಗದು ಎಂಬುದು ಆ ದಿನಗಳ ಜನಪ್ರಿಯ ಮಾತು. ಅದನ್ನು ಮೆಚ್ಚಲು ಇಂಗ್ಲಿಷ್ ಪಾಂಡಿತ್ಯವೇನೂ ಬೇಕಿರಲಿಲ್ಲ. ಈಟಿಯೂ ಎದುರಿಗಿತ್ತು, ನೇಯ್ಗೆ ಕೇಳುಗರ ಕೈಯಲ್ಲೇ ಇತ್ತು.

ಜನವರಿ 29ರಂದು ಗಲಭೆಯಲ್ಲಿ ಗುಂಡೇಟಿಗೆ ಆನಾ ಲೊಪಿಝೊ ಎಂಬ ಕಾರ್ಮಿಕ ಮಹಿಳೆ ಸತ್ತಳು. ಅಲ್ಲಿರದಿದ್ದರೂ ಆ ಸಾವಿನ ಹೊಣೆ ಹೊರಿಸಿದ್ದರಿಂದ ಎಟ್ಟರ್ ಮತ್ತು ಅವನ ಸಂಗಾತಿ, ಕವಿ ಜೊವಾನ್ನಿಟ್ಟಿ ಬಂಧಿತರಾದರು. ನವೆಂಬರಿನಲ್ಲಿ ಬಿಡುಗಡೆಯಾಗುವವರೆಗೂ ಅವರು ಸೆರೆಮನೆಯಲ್ಲೇ ಇದ್ದರು. ಸಭೆಗಳ ಹೊಣೆ ಅದೇ ಸಂಘಟನೆಯ ಬಿಲ್ ಹೇವುಡ್ ಮತ್ತು ಎಲಿಜಬೆತ್ ಗರ್ಲಿ ಫ್ಲಿನ್ ಹೆಗಲಿಗೆ ಬಿತ್ತು.

ಹೇವುಡ್ ಹಳೆಯ ಗಣಿ ಕಾರ್ಮಿಕ. ಭಾರಿ ಆಳು, ಬಾಲ್ಯದಲ್ಲೇ ಒಂದು ಕಣ್ಣು ಕಳೆದುಕೊಂಡವನು. ವೇದಿಕೆಯಲ್ಲಿ ಅವನು ಅಂಗೈ ಎತ್ತಿ ಬೆರಳುಗಳನ್ನು ಆದಷ್ಟು ಅಗಲಿಸುತ್ತಿದ್ದ. ಒಂದು ಬೆರಳು ನೇಕಾರ, ಇನ್ನೊಂದು ಮಗ್ಗ ರಿಪೇರಿಯವನು, ಮತ್ತೊಂದು ಬಣ್ಣ ಹಾಕುವವನು, ನೂಲುವವನು. ಹಳೆಯ ಸಂಘ ಕಟ್ಟುವುದು ಹೀಗೆ ಎನ್ನುತ್ತಿದ್ದ. ಆಮೇಲೆ ಬೆರಳುಗಳನ್ನು ಮಡಿಸಿ ಮುಷ್ಟಿ ಬಿಗಿದು, ನಾವು ಕಟ್ಟುವುದು ಹೀಗೆ ಎಂದು ಗಿರಣಿಯ ಕಡೆಗೆ ಝಾಡಿಸುತ್ತಿದ್ದ. ದುಭಾಷಿ ಬಾಯಿ ತೆರೆಯುವ ಮುನ್ನವೇ ಮೈದಾನದಲ್ಲಿ ಗದ್ದಲವೆದ್ದಿರುತ್ತಿತ್ತು.

ಫ್ಲಿನ್‌ಗೆ ಆಗ 21 ವರ್ಷ. ಇಂಗ್ಲಿಷನ್ನು ಅರೆಬರೆ ಬಲ್ಲವರ ಮುಂದೆ ಚಿಕ್ಕ ವಾಕ್ಯ, ಚಿಕ್ಕ ಪದಗಳಲ್ಲಿ ಮಾತಾಡುವುದನ್ನು ತಾನು ಹೇವುಡ್‌ನಿಂದ ಕಲಿತೆ ಎಂದು ಆಕೆ ಮುಂದೆ ಬರೆದುಕೊಂಡಳು. ಹೆಂಗಸರಿಗಾಗಿ ಬೇರೆ ಸಭೆಗಳನ್ನೇ ಕರೆಯುತ್ತಿದ್ದರು. ಗಿರಣಿಯಲ್ಲಿ ದುಡಿದು ಬಂದು ಮನೆಯಲ್ಲೂ ದುಡಿಯುವವರು ಸಭೆಗೆ ಬರುವುದನ್ನು ಗಂಡಂದಿರು ಸಹಿಸುತ್ತಿರಲಿಲ್ಲ. ಗಂಡಸರ ಆ ಧೋರಣೆಯನ್ನು ವೇದಿಕೆಯಿಂದಲೇ ಖಂಡಿಸಬೇಕಾಯಿತು. ಮಿಕ್ಕಂತೆ ಹಾಡುಗಳಿದ್ದವು. ಒಂದೇ ಧಾಟಿ, ಪದಗಳು ಅವರವರ ಭಾಷೆಯಲ್ಲಿ.

ಊಟಕ್ಕಿಲ್ಲದಾಗ ಮುಷ್ಕರದವರ ಮಕ್ಕಳನ್ನು ಬೇರೆ ಊರುಗಳ ಬೆಂಬಲಿಗರ ಮನೆಗೆ ಕಳಿಸಿದರು. ಫೆಬ್ರವರಿ 24ರಂದು ರೈಲು ನಿಲ್ದಾಣದಲ್ಲಿ ಪೊಲೀಸರು ತಾಯಂದಿರನ್ನೂ ಮಕ್ಕಳನ್ನೂ ಥಳಿಸಿದ್ದು ದೇಶವನ್ನೇ ಕೆರಳಿಸಿತು. ಸಂಸತ್ತಿನ ವಿಚಾರಣೆಯಲ್ಲಿ ಯಂತ್ರಕ್ಕೆ ಕೂದಲು ಸಿಕ್ಕಿ ನೆತ್ತಿಯ ಚರ್ಮ ಕಳಚಿದ ಕಮೆಲ್ಲಾ ಟಿಯೋಲಿ ಎಂಬ ಹುಡುಗಿ ನಡೆದದ್ದನ್ನು ಹೇಳಿದಳು. ಮುಷ್ಕರದ ಇಡೀ ಅವಧಿಯಲ್ಲಿ ಅತಿ ಹೆಚ್ಚು ನಾಟಿದ ಮಾತು ಬಹುಶಃ ಅವಳದೇ. ಭಾಷಣದ ಕಲೆಯ ಗಂಧವೂ ಅವಳಿಗೆ ಇರಲಿಲ್ಲ.

ಮಾರ್ಚ್ 14ರಂದು ಮುಷ್ಕರ ಗೆದ್ದಿತು. ಅತಿ ಕಡಿಮೆ ಕೂಲಿಯವರಿಗೆ ಏರಿಕೆಯ ಪ್ರಮಾಣ ಹೆಚ್ಚಿತ್ತು. ನ್ಯೂ ಇಂಗ್ಲೆಂಡಿನ ಬೇರೆ ಗಿರಣಿಗಳೂ ಕೂಲಿ ಏರಿಸಿದವು.

ಗೆದ್ದ ಮೇಲಿನ ಕಥೆ ಅಷ್ಟು ಚೆಂದವಿಲ್ಲ. ಅಕ್ಟೋಬರಿನಲ್ಲಿ ಊರಿನ ಗಣ್ಯರು ಎಟ್ಟರ್‌ನ ಸಂಘಟನೆಯ ವಿರುದ್ಧ ದೇವರು, ದೇಶದ ಹೆಸರಿನಲ್ಲಿ ಬಾವುಟಗಳ ಭಾರಿ ಮೆರವಣಿಗೆ ನಡೆಸಿದರು. ಒಂದೆರಡು ವರ್ಷದಲ್ಲಿ ಸಾವಿರಾರು ಸದಸ್ಯರಿದ್ದ ಅದರ ಲಾರೆನ್ಸ್ ಸಂಘ ಕೆಲವು ನೂರಕ್ಕೆ ಇಳಿಯಿತು. ಹೇವುಡ್, ಫ್ಲಿನ್ 1913ರಲ್ಲಿ ನ್ಯೂಜೆರ್ಸಿಯ ಪ್ಯಾಟರ್ಸನ್ನಿನ ರೇಷ್ಮೆ ಕಾರ್ಮಿಕರ ಮುಷ್ಕರಕ್ಕೆ ಹೋದರು. ಭಾಷಣಕಾರರು ಅವರೇ, ಉತ್ಸಾಹಕ್ಕೂ ಕೊರತೆಯಿರಲಿಲ್ಲ. ಆದರೂ ಸುಮಾರು ಐದು ತಿಂಗಳ ಬಳಿಕ ಅದು ಸೋತಿತು. ಅಲ್ಲಿನ ಮಾಲೀಕರಿಗೆ ಪಕ್ಕದ ಪೆನ್ಸಿಲ್ವೇನಿಯಾದಲ್ಲೂ ಗಿರಣಿಗಳಿದ್ದವು, ಅವುಗಳಲ್ಲಿ ಕೆಲಸ ನಡೆದೇ ಇತ್ತು.